ಮೂರು ಆನ್‌ಲೈನ್ ಆಟ ಆಡಿ ನೋಡಿದೆ: ದುಡ್ಡು ಎಲ್ಲಿ ದಂಡ, ಎಲ್ಲಿ ವಸೂಲ್

ಮೊದಲೇ ಹೇಳಿಬಿಡುತ್ತೇನೆ, ನನ್ನ ವೋಟು ಓಲ್ಡ್ ಸ್ಕೂಲ್ ರೂನ್‌ಸ್ಕೇಪ್‌ಗೆ. ವರ್ಲ್ಡ್ ಆಫ್ ವಾರ್‌ಕ್ರಾಫ್ಟ್ (ವಾವ್) ಕ್ಲಾಸಿಕ್‌ಗೆ ಎರಡು ತಿಂಗಳ ದುಡ್ಡು ಕಟ್ಟಿ ಹನ್ನೊಂದು ದಿನ ಆಡಿ ಬಿಟ್ಟೆ. ಗಿಲ್ಡ್ ವಾರ್ಸ್ 2 ಒಂದೂವರೆ ತಿಂಗಳು ಆಡಿದೆ, ಅದು ಪುಕ್ಕಟೆ. ಗ್ರಾಫಿಕ್ಸ್ ಹೇಗಿದೆ, ಎಷ್ಟು ಲೆವೆಲ್ ಇದೆ ಅನ್ನೋದನ್ನೆಲ್ಲ ಇಲ್ಲಿ ಬರೆಯುವುದಿಲ್ಲ. ನನಗೆ ಬೇಕಾಗಿದ್ದದ್ದು ಒಂದೇ. ಹದಿನಾರನೇ ವಯಸ್ಸಿನಲ್ಲಿ ಆಟದೊಳಗೆ ದಾರಿ ತಪ್ಪಿ ಅಲೆಯುತ್ತಿದ್ದೆನಲ್ಲ, ಅದು ಮತ್ತೆ ಸಿಗುತ್ತದಾ ಅಂತ ನೋಡಬೇಕಿತ್ತು.

ಈ ಹುಚ್ಚು ಹಿಡಿದದ್ದು 2006ರಲ್ಲಿ. ಹಾಸನದಲ್ಲಿ ಒಂದು ಸೈಬರ್ ಸೆಂಟರ್, ಗಂಟೆಗೆ 20 ರೂಪಾಯಿ. ಟ್ಯೂಷನ್ ಮುಗಿಸಿಕೊಂಡು ನಾನೂ ಮಾವನ ಮಗನೂ ಒಂದೇ ಕಂಪ್ಯೂಟರ್ ಮುಂದೆ ಎರಡು ಕುರ್ಚಿ ಎಳೆದುಕೊಂಡು ಕೂರುತ್ತಿದ್ದೆವು. ರೂನ್‌ಸ್ಕೇಪ್ ಬ್ರೌಸರ್‌ನಲ್ಲೇ ಓಡುತ್ತಿತ್ತು, ಜಾವಾ ಇದ್ದರೆ ಸಾಕು. ಏನೂ ಇನ್‌ಸ್ಟಾಲ್ ಮಾಡಬೇಕಿರಲಿಲ್ಲವಾದ್ದರಿಂದ ಸೆಂಟರ್ ಅಂಕಲ್ ಬೈಯುತ್ತಿರಲಿಲ್ಲ.

ಆಟ ಶುರುವಾಗುವ ಊರು ಲಂಬ್ರಿಜ್. ಅಲ್ಲಿಯ ಕೋಟೆಯ ಅಡುಗೆಯವನಿಗೆ ಡ್ಯೂಕ್‌ನ ಹುಟ್ಟುಹಬ್ಬಕ್ಕೆ ಕೇಕ್ ಮಾಡಬೇಕು. ಮೊಟ್ಟೆ, ಹಾಲು, ಹಿಟ್ಟು ತಂದುಕೊಡು ಅನ್ನುತ್ತಾನೆ. ಮೊಟ್ಟೆ ಕೋಳಿ ಸಾಕುವಲ್ಲಿ ಸಿಕ್ಕಿತು. ಬಕೆಟ್ ಹಿಡಿದು ಹಾಲನ್ನೂ ಕರೆದೆವು. ಹಿಟ್ಟು ಮಾತ್ರ ಎಲ್ಲೂ ಇಲ್ಲ. ಚಾಟ್‌ನಲ್ಲಿ ಕೇಳಿದರೆ ಯಾರೋ "ಮಿಲ್" ಅಂದು ಮಾಯವಾದ.

"ಮಿಲ್ಲು ಅಂದ್ರೆ ಏನೋ, ಗಿರಣೀನಾ?"

ಗಿರಣಿಯೇ. ಹೊಲದಲ್ಲಿ ಗೋಧಿ ಕಿತ್ತುಕೊಂಡು, ಮೇಲಿನ ಮಹಡಿಗೆ ಹತ್ತಿ, ಅಲ್ಲಿದ್ದ ಡಬ್ಬದಂಥದ್ದರೊಳಗೆ ಸುರಿದು, ಪಕ್ಕದ ಹಿಡಿ ಎಳೆಯಬೇಕು. ಆಮೇಲೆ ಕೆಳಗಿಳಿದು ಹಿಟ್ಟು ತುಂಬಿಕೊಳ್ಳಬೇಕು. ತುಂಬಿಕೊಳ್ಳಲು ಮಡಕೆ ಬೇಕು ಅಂತ ಗೊತ್ತಾದದ್ದು ಕೆಳಗಿಳಿದ ಮೇಲೆ! ಇಷ್ಟಕ್ಕೇ ನಮಗೆ ನಾಲ್ಕು ಸಂಜೆ, 80 ರೂಪಾಯಿ ಖರ್ಚಾಯಿತು. ಇವತ್ತು ವಿಕಿ (ಆಡುವವರೇ ಎಲ್ಲ ಬರೆದಿಟ್ಟ ಮಾಹಿತಿ ತಾಣ) ನೋಡಿಕೊಂಡು ಮಾಡಿದರೆ ಹತ್ತು ನಿಮಿಷದ ಕೆಲಸ.

ಆ ಆಟ ಆಮೇಲೆ ಬಹಳ ಬದಲಾಯಿತು. ಹಳೇದೇ ಬೇಕು ಅಂತ ಆಡುವವರು ಪಟ್ಟು ಹಿಡಿದರು, ಮತದಾನವೂ ನಡೆಯಿತು. ಕಂಪನಿಯವರ ಬಳಿ 2007ರ ಆಗಸ್ಟ್‌ನ ಒಂದು ಬ್ಯಾಕಪ್ ಉಳಿದಿತ್ತು. ಅದನ್ನೇ ಇಟ್ಟುಕೊಂಡು 2013ರ ಫೆಬ್ರವರಿಯಲ್ಲಿ ಓಲ್ಡ್ ಸ್ಕೂಲ್ ಶುರು ಮಾಡಿದರು. 2018ರಿಂದ ಫೋನಿನಲ್ಲೂ ಆಡಬಹುದು, ಅದೇ ಅಕೌಂಟು. ಇದೆಲ್ಲ ಗೊತ್ತಿದ್ದೂ ನಾನು ಮೊದಲು ಹೋದದ್ದು ವಾವ್ ಕಡೆಗೆ. ಕಾಲೇಜಿನ ಕಾಲದಲ್ಲಿ ಅದರ ಚಿತ್ರಗಳನ್ನು ಮ್ಯಾಗಜೀನಿನಲ್ಲಿ ನೋಡಿ ಬಾಯಿ ಬಿಟ್ಟುಕೊಂಡು ಕೂತಿದ್ದೆ, ಆಡಲು ಆಗಿರಲಿಲ್ಲ. ಆ ಆಸೆ ತೀರಿಸಿಕೊಳ್ಳೋಣ ಅಂತ.

ವಾವ್ ಬಂದದ್ದು 2004ರ ನವೆಂಬರ್‌ನಲ್ಲಿ. ಹಳೆಯ ರೂಪವನ್ನೇ ಕ್ಲಾಸಿಕ್ ಅಂತ 2019ರ ಆಗಸ್ಟ್‌ನಲ್ಲಿ ಮತ್ತೆ ಬಿಟ್ಟರು. ಕಾಗದದ ಮೇಲೆ ನೋಡಿದರೆ ನನಗೆಂದೇ ಮಾಡಿದ ಆಟ ಇದು. ಕುದುರೆ ಸಿಗುವುದು 40ನೇ ಲೆವೆಲ್‌ಗೆ, ಅಲ್ಲಿತನಕ ನಟರಾಜ ಸರ್ವಿಸ್. ಒಂದು ಊರಿನಿಂದ ಇನ್ನೊಂದು ಊರಿಗೆ ಹಾರಿಹೋಗಬೇಕೆಂದರೆ ಮೊದಲು ಆ ಊರಿಗೆ ನಡೆದು ಹೋಗಿರಬೇಕು. ಕ್ವೆಸ್ಟ್, ಅಂದರೆ ಆಟದಲ್ಲಿ ಮಾಡಿ ಮುಗಿಸಬೇಕಾದ ಕೆಲಸ, ಕೊಡುವವನು "ಇಂಥ ದಿಕ್ಕಿಗೆ ಹೋಗು, ಗುಡ್ಡದ ಹತ್ತಿರ ನೋಡು" ಅನ್ನುತ್ತಾನೆ ಅಷ್ಟೇ. ಮ್ಯಾಪ್‌ನಲ್ಲಿ ಜಾಗ ತೋರಿಸುವ ಗುರುತು ಮೂಲ ಆಟಕ್ಕೇ ಬಂದದ್ದು 2009ರ ಕೊನೆಯಲ್ಲಿ, ಕ್ಲಾಸಿಕ್‌ನಲ್ಲಿ ಅದಿಲ್ಲ. ಇಷ್ಟೆಲ್ಲ ಓದಿಯೇ ನಾನು ಎರಡು ತಿಂಗಳದ್ದು ಒಟ್ಟಿಗೇ ಕಟ್ಟಿದ್ದು. ಅಮೆರಿಕದ ಲೆಕ್ಕದಲ್ಲಿ ತಿಂಗಳಿಗೆ 15 ಡಾಲರ್ ಹತ್ತಿರ.

ತೊಂದರೆ ಶುರುವಾದದ್ದು ಬ್ಯಾರೆನ್ಸ್ ಅನ್ನುವ ಬಯಲಿನಲ್ಲಿ. ಅಲ್ಲಿ ಮ್ಯಾಂಕ್ರಿಕ್ ಅನ್ನುವ ಓರ್ಕ್ (ಆಟದ ಒಂದು ರಾಕ್ಷಸ ಜಾತಿಯವನು) ಒಬ್ಬನಿದ್ದಾನೆ. ಕಾಳಗದಲ್ಲಿ ಕಾಣೆಯಾದ ಹೆಂಡತಿಯನ್ನು ಹುಡುಕಿಕೊಡು ಅಂತ ಬೇಡಿಕೊಳ್ಳುತ್ತಾನೆ. ಆಕೆ ಎಲ್ಲಿದ್ದಾಳೆ ಅಂತ ಅವನಿಗೇ ಸರಿಯಾಗಿ ಗೊತ್ತಿಲ್ಲ, ಬಯಲೋ ಮುಗಿಯುವುದೇ ಇಲ್ಲ. 2005ರ ಹೊತ್ತಿಗೆ "ಮ್ಯಾಂಕ್ರಿಕ್ ಹೆಂಡತಿ ಎಲ್ಲಿ?" ಅಂತ ಚಾಟ್‌ನಲ್ಲಿ ಜನ ಎಷ್ಟು ಸಲ ಕೇಳುತ್ತಿದ್ದರೆಂದರೆ, ಆ ಪ್ರಶ್ನೆಯೇ ಒಂದು ಜೋಕ್ ಆಗಿಹೋಯಿತು. ಆ ಜೋಕ್‌ನ ಒಳಗೆ ಒಂದು ಸಲ ನಾನೂ ಇರಬೇಕು ಅಂತ ಆಸೆ ಇತ್ತು, ಸುಳ್ಳು ಯಾಕೆ ಹೇಳಲಿ.

ಮುಕ್ಕಾಲು ಗಂಟೆ ಅಲೆದೆ. ಹಂದಿ ಮೋರೆಯವರ ಕೈಲಿ ಎರಡು ಸಲ ಸತ್ತೆ, ಖುಷಿಯಾಗಿಯೇ ಇದ್ದೆ. ಆಮೇಲೆ ಐದು ಜನರ ಒಂದು ಗುಂಪು ಸೇರಿಕೊಂಡೆ. ಎಲ್ಲರಿಗೂ ಅದೇ ಕ್ವೆಸ್ಟ್ ಇತ್ತು. ಅವರು ಮಾತಿಲ್ಲದೆ ಕಡ್ಡಿ ಗೀಟು ಎಳೆದ ಹಾಗೆ ನೆಟ್ಟಗೆ ಓಡಿದರು. ನಾನು ಹಿಂದೆ ಓಡಿದೆ. ಎರಡು ನಿಮಿಷ ಆಗಿರಬಹುದು, ಹೆಂಗಸು ಸತ್ತು ಬಿದ್ದಿದ್ದಳು. ಎಲ್ಲರೂ ಒಂದೊಂದು ಕ್ಲಿಕ್ ಮಾಡಿ ಮುಂದಿನ ಕೆಲಸಕ್ಕೆ ಓಡಿದರು.

ಕ್ವೆಸ್ಟಿ ಅಂತ ಒಂದು ಆಡ್‌ಆನ್ ಇದೆ. ಆಟ ಮಾಡಿದವರದ್ದಲ್ಲ, ಆಡುವವರೇ ಮಾಡಿಕೊಂಡದ್ದು. ಕ್ವೆಸ್ಟ್ ಎಲ್ಲಿ ಸಿಗುತ್ತದೆ, ಎಲ್ಲಿ ಮುಗಿಯುತ್ತದೆ, ಯಾವ ಪ್ರಾಣಿ ಎಲ್ಲಿ ಮೇಯುತ್ತದೆ, ಎಲ್ಲಕ್ಕೂ ಮ್ಯಾಪ್ ಮೇಲೆ ಚುಕ್ಕೆ. ಅದನ್ನು ಹಾಕಿಕೊಳ್ಳುವುದು ಬಿಡುವುದು ನಮ್ಮಿಷ್ಟ ಅಂತ ಎಲ್ಲರೂ ಹೇಳುತ್ತಾರೆ. ಆಡಿದರೆ ಗೊತ್ತಾಗುತ್ತದೆ, ನಮ್ಮಿಷ್ಟ ನಡೆಯುವುದು ಒಬ್ಬರೇ ಆಡುವಾಗ ಮಾತ್ರ. ನಾನು ಹಾಕಿಕೊಂಡಿರಲಿಲ್ಲ. ಆಮೇಲೆ ಸೇರಿದ ಇನ್ನೊಂದು ಗುಂಪಿನಲ್ಲಿ "ಮುಂದೆ ಎಲ್ಲಿಗೆ?" ಅಂತ ಕೇಳಿದ್ದಕ್ಕೆ ಒಬ್ಬ ಆ ಆಡ್‌ಆನ್ ಹೆಸರನ್ನಷ್ಟೇ ಟೈಪ್ ಮಾಡಿದ. ಎರಡನೇ ಸಲ ಕೇಳುವಷ್ಟರಲ್ಲಿ ನಾನು ಗುಂಪಿನಲ್ಲೇ ಇರಲಿಲ್ಲ. ತೆಗೆದು ಹಾಕಿದ್ದರು.

ಅವರದ್ದು ತಪ್ಪು ಅಂತಲೂ ಹೇಳಲಾರೆ. ಅವರಲ್ಲಿ ಹೆಚ್ಚಿನವರು ಇದೇ ಬಯಲನ್ನು ನಾಲ್ಕನೇ ಸಲವೋ ಐದನೇ ಸಲವೋ ದಾಟುತ್ತಿದ್ದವರು. ದಿನಾ ಹಾಸನ ಬೆಂಗಳೂರು ಓಡಾಡುವವನಿಗೆ ಕುಣಿಗಲ್ ಕೆರೆ ನೋಡು ಅಂದರೆ ನೋಡುತ್ತಾನಾ? ಆದರೆ ನಾನು ಅದೇ ಮೊದಲ ಸಲ ಬಂದಿದ್ದೆ. ಇಡೀ ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತು ಕತ್ತು ಹೊರಗೆ ಹಾಕಿದವನು ನಾನೊಬ್ಬನೇ. ಹನ್ನೊಂದನೇ ದಿನ ನಾನೂ ಕ್ವೆಸ್ಟಿ ಹಾಕಿಕೊಂಡೆ. ಅರ್ಧ ಗಂಟೆಯಲ್ಲಿ ಆರು ಕ್ವೆಸ್ಟ್ ಮುಗಿದವು. ಆವತ್ತೇ ಬಿಟ್ಟೆ.

(ಆಟ ಬಿಟ್ಟರೂ ಕಾರ್ಡಿನಿಂದ ತಾನಾಗಿ ದುಡ್ಡು ಹೋಗುವುದನ್ನು ನಿಲ್ಲಿಸಲು ನನ್ನ ಬ್ಯಾಂಕಿಗೆ ಮೂರು ಸಲ ಫೋನ್ ಮಾಡಬೇಕಾಯಿತು. ಅದು ಬೇರೆ ಪುರಾಣ.)

ಗಿಲ್ಡ್ ವಾರ್ಸ್ 2 ತೀರಾ ಹಳೇ ಆಟವಲ್ಲ, 2012ರದ್ದು. 2015ರಿಂದ ಮೂಲ ಆಟ ಬಿಟ್ಟಿ. ಇದನ್ನು ಹೋಲಿಕೆಗೆ ತಂದದ್ದು ಯಾಕೆಂದರೆ, ಊರು ಸುತ್ತುವುದು ಇಷ್ಟ ಅಂದವರಿಗೆಲ್ಲ ಜನ ಇದನ್ನೇ ಹೇಳುತ್ತಾರೆ. ಜಗತ್ತು ಚೆಂದ ಇದೆ, ಅದರಲ್ಲಿ ಎರಡು ಮಾತಿಲ್ಲ. ಒಬ್ಬ ರೈತ ಹೆಂಗಸಿನ ಜಮೀನಿನಲ್ಲಿ ಹಸುಗೆ ಮೇವು ಹಾಕಿ, ಬೆಳೆಗೆ ನೀರು ಬಿಟ್ಟು ನನ್ನ ಆಟ ಶುರುವಾಯಿತು. ನಮಗೆ ಹೇಳಿ ಮಾಡಿಸಿದ ಕೆಲಸ!

ಆದರೆ ಅಲ್ಲಿ ಪ್ರತಿ ಪ್ರದೇಶಕ್ಕೂ ಒಂದು ಶೇಕಡಾವಾರು ಲೆಕ್ಕ ಇದೆ. ಇಷ್ಟು ನೋಡಬೇಕಾದ ಜಾಗ, ಇಷ್ಟು ದೃಶ್ಯ, ಹೃದಯದ ಗುರುತಿನ ಇಷ್ಟು ಕೆಲಸ, ಎಲ್ಲ ಮುಗಿಸಿದರೆ 100. ಇಡೀ ಜಗತ್ತು ಮುಗಿಸಿದವರಿಗೆ 'ಗಿಫ್ಟ್ ಆಫ್ ಎಕ್ಸ್‌ಪ್ಲೊರೇಷನ್' ಅನ್ನುವ ಸಾಮಾನೇ ಕೈಗೆ ಬರುತ್ತದೆ. ಒಂದು ವಾರ ಕಳೆಯುವ ಹೊತ್ತಿಗೆ ನಾನು ಬೆಟ್ಟ ನೋಡುತ್ತಿರಲಿಲ್ಲ, ಮೂಲೆಯ ಅಂಕಿ ನೋಡುತ್ತಿದ್ದೆ. ಪ್ಯಾಕೇಜ್ ಟೂರ್‌ನಲ್ಲಿ ಬೇಲೂರಿಗೆ ಅರ್ಧ ಗಂಟೆ, ಹಳೇಬೀಡಿಗೆ ಇಪ್ಪತ್ತು ನಿಮಿಷ ಕೊಡುತ್ತಾರಲ್ಲ, ಹಾಗೆ. ಒಂದು ಮಾತು ಮಾತ್ರ ಒಪ್ಪಬೇಕು. ಅಲ್ಲಿ ಹಾರಿ ಹಾರಿ ಹತ್ತುವ ಜಂಪಿಂಗ್ ಪಜಲ್‌ಗಳಿವೆ, ಅವು ಮ್ಯಾಪ್‌ನಲ್ಲಿ ಕಾಣುವುದಿಲ್ಲ, ಆ ಶೇಕಡಾ ಲೆಕ್ಕಕ್ಕೂ ಬರುವುದಿಲ್ಲ. ಒಂದನ್ನು ನಾನು ಬಂಡೆ ಸಂದಿನಲ್ಲಿ ಅಚಾನಕ್ಕಾಗಿ ಕಂಡುಕೊಂಡೆ. ಒಂದೂವರೆ ತಿಂಗಳಲ್ಲಿ ನೆನಪಿನಲ್ಲಿ ಉಳಿದ ರಾತ್ರಿ ಅದೊಂದೇ.

ಇನ್ನು ರೂನ್‌ಸ್ಕೇಪ್. ಇಲ್ಲಿಯೂ ವಿಕಿ ಇದೆ, ಕ್ವೆಸ್ಟ್‌ನ ಪ್ರತಿ ಹೆಜ್ಜೆಗೂ ಬಾಣ ತೋರಿಸುವ ಪ್ಲಗಿನ್ ಇದೆ. ಜೊತೆಗೆ, ಉಚಿತ ಭಾಗ ನನಗೆ ಅಂಗೈ ರೇಖೆಯ ಹಾಗೆ ಗೊತ್ತು. ಅಡಮಂಟ್ ಅನ್ನುವ ಲೋಹದ ಕವಚಕ್ಕೆ ಪುಕ್ಕಟೆ ಅಂಚು ಕಟ್ಟಿಕೊಡುತ್ತೇನೆ ಅಂತ ಒಬ್ಬ ಇಸಿದುಕೊಂಡು ಓಡಿಹೋದ ಜಾಗವನ್ನು ಈಗಲೂ ತೋರಿಸಬಲ್ಲೆ. ಸಾಮಾನು ಮಾರಲು ವ್ಯಾರಕ್ ಊರಿನಲ್ಲಿ ನಿಂತು ಸಂತೆಯ ಹಾಗೆ ಕೂಗುತ್ತಿದ್ದದ್ದೂ ಹೋಯಿತು. ಈಗ ಗ್ರ್ಯಾಂಡ್ ಎಕ್ಸ್‌ಚೇಂಜ್ ಅನ್ನುವ ಮಾರುಕಟ್ಟೆಯಲ್ಲಿ ಬೆಲೆ ಹಾಕಿದರೆ ತಾನಾಗಿ ಮಾರಾಟ. ಹಾಗಾದರೆ ಇಲ್ಲಿ ಹುಡುಕಲು ಏನು ಉಳಿದಿತ್ತು?

ಒಂದು ಗೇಟು ಉಳಿದಿತ್ತು. ಫಾಲಡಾರ್ ಊರಿನ ಪಶ್ಚಿಮಕ್ಕೆ ಒಂದು ಬೇಲಿ, ಅದಕ್ಕೊಂದು ಗೇಟು. ಆಚೆಗೆ ಟ್ಯಾವರ್ಲಿ. ದುಡ್ಡು ಕೊಟ್ಟು ಮೆಂಬರ್ ಆದವರಿಗೆ ಮಾತ್ರ ಒಳಗೆ ದಾರಿ. 2006ರಲ್ಲಿ ಮನೆಯಲ್ಲಿ ಯಾರ ಹತ್ತಿರವೂ ಕ್ರೆಡಿಟ್ ಕಾರ್ಡ್ ಇರಲಿಲ್ಲ. ಇದ್ದಿದ್ದರೂ ಆಟಕ್ಕೆ ಕೊಡಿ ಅಂತ ಅಪ್ಪನನ್ನು ಕೇಳುವ ಧೈರ್ಯ ಯಾರಿಗಿತ್ತು? ಆ ಗೇಟಿನ ಮುಂದೆ ನಿಂತು ನಾವಿಬ್ಬರೂ ಆಚೆ ಏನಿರಬಹುದು ಅಂತ ಗಂಟೆಗಟ್ಟಲೆ ಮಾತಾಡಿದ್ದೇವೆ. 20 ರೂಪಾಯಿ ಕೊಟ್ಟು ಗೇಟು ನೋಡುವುದು!

ಈ ಸಲ ಒಂದು ತಿಂಗಳ ಮೆಂಬರ್‌ಶಿಪ್ ತೆಗೆದುಕೊಂಡೆ. ಹೆಚ್ಚೂಕಮ್ಮಿ ವಾವ್‌ನಷ್ಟೇ ದುಡ್ಡು. ವಿಕಿ ತೆಗೆಯುವಂತಿಲ್ಲ ಅಂತ ನನಗೆ ನಾನೇ ಶರತ್ತು ಹಾಕಿಕೊಂಡೆ. ರಾತ್ರಿ ಮಗಳು ಮಲಗಿದ ಮೇಲೆ, ಲೈಟ್ ಆರಿಸಿ, ಫೋನಿನಲ್ಲಿ ಗೇಟು ಒತ್ತಿದೆ. ತೆರೆದುಕೊಂಡಿತು.

ಟ್ಯಾವರ್ಲಿಯಿಂದ ಪಶ್ಚಿಮಕ್ಕೆ ಹೋದರೆ ವೈಟ್ ವುಲ್ಫ್ ಬೆಟ್ಟ. ಹಿಮ, ತೋಳಗಳ ಹಿಂಡು. ಶಿರಾಡಿ ಘಾಟಿಯನ್ನು ರಾತ್ರಿ ನಡೆದು ದಾಟಿದಂತೆ. ಮೊದಲ ಸಲ ಸತ್ತೆ. ಸತ್ತರೆ ಎದ್ದೇಳುವುದು ಲಂಬ್ರಿಜ್‌ನಲ್ಲಿ. ಹೆಚ್ಚಿನ ಸಾಮಾನು ಬೆಟ್ಟದ ಮೇಲೆ ನನ್ನದೇ ಗೋರಿಯಲ್ಲಿ, ಅದಕ್ಕೆ 15 ನಿಮಿಷದ ಗಡುವು. ಅಷ್ಟು ದೂರ ಓಡಿಹೋಗಿ ಸಾಮಾನು ಎತ್ತಿಕೊಂಡೆ, ಅಲ್ಲೇ ಇನ್ನೊಂದು ಸಲ ಸತ್ತೆ. ನಾಲ್ಕನೇ ಸಲ ದಾಟಿದೆ. ಆ ಕಡೆ ಇಳಿದರೆ ಸಮುದ್ರ, ದಡದಲ್ಲಿ ಲಾಬ್‌ಸ್ಟರ್ ಹಿಡಿಯುತ್ತ ನಿಂತ ಜನ. ಊರಿನ ಹೆಸರು ಕ್ಯಾಥರ್ಬಿ. ಹೆಂಡತಿ ನಿದ್ದೆಗಣ್ಣಲ್ಲಿ "ಏನ್ರೀ ನಗ್ತಾ ಇದ್ದೀರಾ?" ಅಂದಳು.

ಇನ್ನೂ ಮಜಾ ಏನೆಂದರೆ, ಆ ಬೆಟ್ಟದ ಬುಡದಲ್ಲಿ ಒಬ್ಬ ಕುಳ್ಳ ನಿಂತಿದ್ದ. ಮೊದಲ ದಿನ ಅವಸರದಲ್ಲಿ ನಾನು ಅವನನ್ನು ಮಾತಾಡಿಸಿರಲಿಲ್ಲ. ಬೆಟ್ಟದ ಕೆಳಗೆ ಅವರದ್ದೊಂದು ಸುರಂಗ ಇದೆ. ಮೀನು ಹಿಡಿಯುವ ಸ್ಪರ್ಧೆಯಲ್ಲಿ ಗೆದ್ದು ಬಂದರೆ ಅದರೊಳಗೆ ಬಿಡುತ್ತಾನೆ. ಮೂರು ಸಲ ಸತ್ತು ದಾಟಿದ ಮೇಲೆ ಇದು ಗೊತ್ತಾಯಿತು. ಆ ಸ್ಪರ್ಧೆಯ ಜಾಗ ಹುಡುಕಲು ಇನ್ನೂ ಎರಡು ರಾತ್ರಿ ಹಿಡಿಯಿತು, ಗೆಲ್ಲಲು ಇನ್ನೊಂದು.

ವಾವ್‌ನಲ್ಲಿ ಆಗದ್ದು ಇಲ್ಲಿ ಯಾಕಾಯಿತು ಅಂದರೆ, ಇಲ್ಲಿ ಯಾರ ಹಿಂದೆಯೂ ಓಡಬೇಕಾಗಿಲ್ಲ. ಹೆಚ್ಚಿನ ಕ್ವೆಸ್ಟ್‌ಗಳು ಒಬ್ಬರೇ ಮಾಡುವಂಥವು. ಪಕ್ಕದಲ್ಲಿ ಮೀನು ಹಿಡಿಯುವವನು ಹತ್ತು ಪ್ಲಗಿನ್ ಹಾಕಿಕೊಂಡಿದ್ದರೂ ನನಗೆ ಅಡ್ಡಿಯಿಲ್ಲ. ನೆಟ್‌ವರ್ಕ್ ವಿಷಯದಲ್ಲೂ ಲಾಭ ಇದೆ. ಈ ಆಟ 0.6 ಸೆಕೆಂಡಿಗೊಂದು ಹೆಜ್ಜೆ ಇಡುತ್ತದೆ, ಹಾಗಾಗಿ ನಮ್ಮ ಕಡೆಯಿಂದ ಪಿಂಗ್ (ಸರ್ವರ್‌ಗೆ ಸಂದೇಶ ಹೋಗಿ ಬರುವ ಸಮಯ) ಜಾಸ್ತಿ ಬಂದರೂ ಗೊತ್ತಾಗುವುದಿಲ್ಲ. ವಾವ್‌ನಲ್ಲಿ ಗೊತ್ತಾಗುತ್ತಿತ್ತು. ಆಟದಲ್ಲಿ ಸಂಪಾದಿಸಿದ ಚಿನ್ನದಿಂದಲೇ ಬಾಂಡ್ ಅನ್ನುವ ಸಾಮಾನು ಕೊಂಡು ಮೆಂಬರ್‌ಶಿಪ್ ಮುಂದುವರಿಸಬಹುದು. ರಾತ್ರಿ ಅರ್ಧ ಗಂಟೆ ಆಡುವ ನನ್ನಂಥವರಿಗೆ ಆ ಸಂಪಾದನೆ ದೂರದ ಮಾತು.

ಜೊತೆಗಾರರ ಗುಂಪು ಇದ್ದು, ವಾರಕ್ಕೆ ಮೂರು ರಾತ್ರಿ ಕೂರುವ ಬಿಡುವಿದ್ದರೆ ವಾವ್ ಕ್ಲಾಸಿಕ್ ನೋಡಿ. ಆದರೆ ಗುಂಪಿನಲ್ಲಿ ಎಲ್ಲರೂ ಹೊಸಬರೇ ಆಗಿರಲಿ. ದುಡ್ಡು ಹಾಕುವ ಮನಸ್ಸಿಲ್ಲದಿದ್ದರೆ ಗಿಲ್ಡ್ ವಾರ್ಸ್ 2, ಮೂಲೆಯ ಆ ಅಂಕಿ ಕಡೆ ಕಣ್ಣು ಹಾಕಬೇಡಿ.

ಮಾವನ ಮಗ ಈಗ ಪುಣೆಯಲ್ಲಿದ್ದಾನೆ. ಗೇಟಿನ ಆಚೆಯ ಸ್ಕ್ರೀನ್‌ಶಾಟ್ ಕಳಿಸಿದೆ. "ಲೋ, ಇಷ್ಟೇನಾ ಇದ್ದದ್ದು?" ಅಂದ. ಹತ್ತು ನಿಮಿಷ ಬಿಟ್ಟು "ಮುಂದೆ ಆರ್ಡೋನ್ ಅಂತ ದೊಡ್ಡ ಊರಿದೆ, ದಾರಿ ಇಲ್ಲಿದೆ ನೋಡ್ಕೋ" ಅಂತ ವಿಕಿ ಲಿಂಕ್ ಕಳಿಸಿದ್ದಾನೆ. ಮೆಂಬರ್‌ಶಿಪ್ ಮುಗಿಯಲು ಇನ್ನು ಒಂಬತ್ತು ದಿನ ಇದೆ. ಲಿಂಕ್ ತೆಗೆದಿಲ್ಲ.