ಅದಾಚಿ ಸಂಸ್ಥೆಯ ‘ಓಹಾಶಿ ಸೇತುವೆಯ ಸಂಜೆಮಳೆ’: ಮೊದಲ ಹಾಳೆ ಕೊಳ್ಳುವವರಿಗಾಗಿ

ಜಪಾನಿನ ನಿಸರ್ಗದೃಶ್ಯಗಳ ಮರದಚ್ಚು ಚಿತ್ರಗಳನ್ನು ಸಂಗ್ರಹಿಸಲು ಹೊರಟವರು ಮೊದಲು ಯಾವ ಹಾಳೆ ಕೊಳ್ಳಬೇಕು ಎಂದು ಕೇಳಿದರೆ, ಹಳೆಯದನ್ನು ಸದ್ಯಕ್ಕೆ ಬಿಡಿ, ಹೊಸದಾಗಿ ಕೆತ್ತಿ ಹೊಸದಾಗಿ ಅಚ್ಚೊತ್ತಿದ ಒಂದನ್ನು ಕೊಳ್ಳಿ ಎಂದೇ ನಾನು ಹೇಳುತ್ತೇನೆ. ಉತಗಾವ ಹಿರೊಶಿಗೆ 1857ರಲ್ಲಿ ರಚಿಸಿದ ‘ಓಹಾಶಿ ಸೇತುವೆ ಮತ್ತು ಅತಾಕೆಯ ಸಂಜೆಮಳೆ’ ಚಿತ್ರವನ್ನು ಟೋಕಿಯೊದ ಅದಾಚಿ ಮರದಚ್ಚು ಸಂಸ್ಥೆ ಇಂದಿಗೂ ಕೈಯಿಂದಲೇ ಕೆತ್ತಿ, ಕೈಯಿಂದಲೇ ಒತ್ತಿ ಮಾರುತ್ತದೆ. ಅದರ ಒಂದು ಪ್ರತಿ ಎರಡು ವರ್ಷಗಳಿಂದ ನನ್ನಲ್ಲಿದೆ. ಅದರ ಬಗ್ಗೆ ಬರೆಯಲು ಇಷ್ಟು ದಿನ ಕಾದದ್ದು ಬೇಕೆಂದೇ. ಇಂಥ ಹಾಳೆಯ ಗುಣ ಕೊಂಡ ದಿನವೇ ತಿಳಿಯುವಂಥದ್ದಲ್ಲ.

ಈ ಸಲಹೆಯ ಹಿಂದೆ ನಾನು ಕಳೆದುಕೊಂಡ ದುಡ್ಡೂ ಇದೆ. ನೂರು ವರ್ಷ ಹಳೆಯದು ಎಂಬ ವಿವರಣೆಯನ್ನು ನಂಬಿ ಅಂತರ್ಜಾಲದ ಮಾರಾಟಗಾರರೊಬ್ಬರಿಂದ ಇದೇ ಚಿತ್ರದ ಹಾಳೆಯೊಂದನ್ನು ತರಿಸಿಕೊಂಡಿದ್ದೆ. ಕಾಗದ ಕಂದು ಬಣ್ಣಕ್ಕೆ ತಿರುಗಿತ್ತು, ಒಂದು ಮೂಲೆಯಲ್ಲಿ ಹಳೆಯ ಮಡಿಕೆಯಿತ್ತು, ನೋಡಿದವರಿಗೆಲ್ಲ ಪುರಾತನ ವಸ್ತುವೆಂದೇ ಅನಿಸುತ್ತಿತ್ತು. ಹತ್ತು ಪಟ್ಟು ಹಿಗ್ಗಿಸಿ ತೋರಿಸುವ ಲೆನ್ಸನ್ನು ಅದರ ಮೇಲಿಟ್ಟ ದಿನ ಮಳೆಯ ಗೆರೆಗಳೆಲ್ಲ ಸಣ್ಣ ಸಣ್ಣ ಚುಕ್ಕೆಗಳಾಗಿ ಒಡೆದು ಕಂಡವು. ಅದು ಛಾಯಾಚಿತ್ರ ತೆಗೆದು ಆಫ್‌ಸೆಟ್ ಯಂತ್ರದಲ್ಲಿ ಮುದ್ರಿಸಿದ ಹಾಳೆ. ತಿರುಗಿಸಿ ನೋಡಿದರೆ ಬೆನ್ನು ಖಾಲಿಯಿತ್ತು, ಬಣ್ಣದ ಸುಳಿವೇ ಇರಲಿಲ್ಲ. ಮರದಚ್ಚಿನ ಹಾಳೆಯ ಬೆನ್ನು ಹೇಗಿರಬೇಕು ಎಂಬುದು ಅಂದು ನನಗೆ ಗೊತ್ತಿದ್ದಿದ್ದರೆ ಮೋಸ ಹೋಗುತ್ತಿರಲಿಲ್ಲ. ಅದನ್ನು ನನಗೆ ಕಲಿಸಿದ್ದು ಆಮೇಲೆ ಕೊಂಡ ಅದಾಚಿಯವರ ಹಾಳೆ.

ಚಿತ್ರದ ಹಿನ್ನೆಲೆಯನ್ನು ಚಿಕ್ಕದಾಗಿ ಹೇಳುತ್ತೇನೆ. 1855ರಲ್ಲಿ ಎದೊ ನಗರ, ಎಂದರೆ ಇಂದಿನ ಟೋಕಿಯೊ, ದೊಡ್ಡ ಭೂಕಂಪಕ್ಕೆ ಸಿಕ್ಕಿತು. ಮರುವರ್ಷದಿಂದ ಹಿರೊಶಿಗೆ ‘ಎದೊ ನಗರದ ನೂರು ಪ್ರಸಿದ್ಧ ನೋಟಗಳು’ ಎಂಬ ಸರಣಿಯನ್ನು ಉವೊಯಾ ಎಯ್ಕಿಚಿ ಎಂಬ ಪ್ರಕಾಶಕನಿಗಾಗಿ ರಚಿಸತೊಡಗಿದ, 1858ರಲ್ಲಿ ತಾನು ತೀರಿಕೊಳ್ಳುವವರೆಗೂ ಅದರಲ್ಲೇ ತೊಡಗಿದ್ದ. ಹೆಸರಿನಲ್ಲಿ ನೂರು ಎಂದಿದ್ದರೂ ಸರಣಿ ನೂರನ್ನು ದಾಟಿ ಬೆಳೆಯಿತು. ಸುಮಿದಾ ನದಿಯ ಮೇಲಿನ ಶಿನ್ ಓಹಾಶಿ ಸೇತುವೆ, ಅದರಾಚೆಗೆ ಅತಾಕೆ ಎಂಬ ದಂಡೆ, ನಡುವೆ ಹಠಾತ್ತನೆ ಸುರಿದ ಮಳೆ: ಈ ಚಿತ್ರದಲ್ಲಿ ಇರುವುದು ಇಷ್ಟೇ. ಚಿತ್ರದ ಜಪಾನಿ ಹೆಸರಿನಲ್ಲಿರುವ ‘ಯೂದಾಚಿ’ ಎಂಬ ಪದಕ್ಕೆ ಬೇಸಿಗೆಯ ಸಂಜೆ ಇದ್ದಕ್ಕಿದ್ದಂತೆ ಬಂದು ಹೋಗುವ ಮಳೆ ಎಂದರ್ಥ. ಕೊಡೆಯ ಕೆಳಗೆ ಮುದುಡಿಕೊಂಡವರು, ಬಗ್ಗಿಕೊಂಡು ಓಡುವವರು ಸೇತುವೆಯ ಮೇಲಿದ್ದಾರೆ. ಕೆಳಗೆ ಹೊಳೆಯಲ್ಲಿ ಹುಲ್ಲಿನ ಹೊದಿಕೆ ತೊಟ್ಟ ಒಬ್ಬನೇ ಒಬ್ಬ ಮರದ ತೆಪ್ಪವನ್ನು ಗಳು ಹಾಕಿ ನೂಕುತ್ತಿದ್ದಾನೆ. ಮಲೆನಾಡಿನಲ್ಲಿ ಗೊರಬು ಹೊದ್ದು ಗದ್ದೆಗಿಳಿಯುವವರನ್ನು ನೋಡಿ ಬೆಳೆದ ನನಗೆ ಆ ಬೆನ್ನಿನ ಬಾಗು ತೀರ ಪರಿಚಿತವಾಗಿ ಕಂಡಿತು. ನೂರಾರು ಚಿತ್ರಗಳ ನಡುವೆ ಇದನ್ನೇ ಆರಿಸಿಕೊಳ್ಳಲು ಅದೇ ಕಾರಣ.

ಇದನ್ನು ‘ನಕಲು’ ಎನ್ನುವುದು ಸರಿಯೇ ಎಂಬ ಪ್ರಶ್ನೆ ಇಲ್ಲಿ ಬರುತ್ತದೆ. ಹಿರೊಶಿಗೆ ಬದುಕಿದ್ದಾಗಲೂ ಅವನು ಮಾಡುತ್ತಿದ್ದುದು ರೇಖಾಚಿತ್ರವನ್ನು ಮಾತ್ರ. ಹಲಗೆ ಕೆತ್ತುವವನು ಒಬ್ಬ, ಬಣ್ಣ ಹಚ್ಚಿ ಒತ್ತುವವನು ಇನ್ನೊಬ್ಬ, ದುಡ್ಡು ಹಾಕಿ ಎಲ್ಲರನ್ನೂ ಒಟ್ಟಿಗೆ ತಂದವನು ಪ್ರಕಾಶಕ. ‘ಮೂಲ’ ಎಂಬ ಒಂದೇ ಒಂದು ಹಾಳೆ ಎಂದೂ ಇರಲಿಲ್ಲ. ಊಟದ ಖರ್ಚಿನಷ್ಟು ಬೆಲೆಗೆ ಬೀದಿಯ ಅಂಗಡಿಯಲ್ಲಿ ಸಿಗುತ್ತಿದ್ದ ಸರಕು ಅದು. 1928ರಲ್ಲಿ ಆರಂಭವಾದ ಅದಾಚಿ ಸಂಸ್ಥೆ ಹಳೆಯ ಮುದ್ರಣವೊಂದನ್ನು ಮುಂದಿಟ್ಟುಕೊಂಡು ಕಾಡುಚೆರ್ರಿ ಮರದ ಹಲಗೆಯ ಮೇಲೆ ಗೆರೆಗಳನ್ನು ಹೊಸದಾಗಿ ಕೆತ್ತಿಸುತ್ತದೆ, ಬಣ್ಣಕ್ಕೊಂದರಂತೆ ಅಚ್ಚು ಮಾಡಿಸುತ್ತದೆ, ಅಂದಿನ ಕ್ರಮದಲ್ಲೇ ಒಂದೊಂದು ಹಾಳೆಯನ್ನೂ ಒತ್ತಿಸುತ್ತದೆ. ಹಳೆಯ ಹಾಳೆಗಿರುವ ವಯಸ್ಸು ಇದಕ್ಕಿಲ್ಲ ಎಂಬುದು ನಿಜ, ಆದರೆ ಅದನ್ನು ಹುಟ್ಟಿಸಿದ ಕೆಲಸವೆಲ್ಲ ಇದರಲ್ಲಿ ಇದೆ.

ಈಗ ಮಳೆಯನ್ನು ಹತ್ತಿರದಿಂದ ನೋಡೋಣ, ಏಕೆಂದರೆ ಈ ಹಾಳೆಯ ಬೆಲೆಯ ಮುಕ್ಕಾಲು ಪಾಲು ಅದರಲ್ಲೇ ಇದೆ ಎಂಬುದು ನನ್ನ ಅಭಿಪ್ರಾಯ. ದೂರದಿಂದ ಒಂದೇ ಪರದೆಯಂತೆ ಕಾಣುವ ಆ ಮಳೆ, ಹಾಳೆಯನ್ನು ಮುಖದ ಹತ್ತಿರ ತಂದಾಗ ಎರಡು ಪದರಗಳಾಗಿ ಬಿಚ್ಚಿಕೊಳ್ಳುತ್ತದೆ. ಒಂದು ಪದರದ ಗೆರೆಗಳು ಒಂದು ಓರೆಯಲ್ಲಿದ್ದರೆ ಇನ್ನೊಂದರವು ತುಸು ಬೇರೆ ಓರೆಯಲ್ಲಿ ಅವುಗಳನ್ನು ಹಾದುಹೋಗುತ್ತವೆ, ಗಾಳಿಗೆ ಮಳೆ ತಿರುಗಿ ಬೀಳುವಂತೆ. ಕೂದಲಿನಷ್ಟು ತೆಳುವಾದ ಒಂದೊಂದು ಗೆರೆಯೂ ಹಲಗೆಯ ಮೇಲೆ ಉಬ್ಬಾಗಿ ನಿಂತಿರಬೇಕು. ಎಂದರೆ ಕೆತ್ತುವವನು ಗೆರೆಯನ್ನು ಕೊರೆಯುವುದಿಲ್ಲ. ಗೆರೆಯ ಎಡಕ್ಕೂ ಬಲಕ್ಕೂ ಅಲಗು ಆಡಿಸಿ, ಉಳಿದ ಮರವನ್ನೆಲ್ಲ ತೆಗೆದು, ಗೆರೆಯನ್ನು ಮಾತ್ರ ಉಳಿಸುತ್ತಾನೆ. ಕೈ ಒಮ್ಮೆ ಜಾರಿದರೆ ಗೆರೆ ಮುರಿಯಿತು ಎಂದೇ ಅರ್ಥ. ಲೆನ್ಸಿನಲ್ಲಿ ನೋಡಿದಾಗ ಇಲ್ಲಿ ಚುಕ್ಕೆಗಳಿಲ್ಲ, ಆರಂಭದಿಂದ ಕೊನೆಯವರೆಗೆ ಒಂದೇ ಉಸಿರಿನಲ್ಲಿ ಹರಿದ ಗೆರೆಗಳಿವೆ. ಕೆಲವು ತುದಿಯಲ್ಲಿ ಸೂಜಿಯಂತೆ ಸಣ್ಣಗಾಗುತ್ತವೆ. ನಾನು ಮೋಸ ಹೋದ ಹಾಳೆಯನ್ನು ಇದರ ಪಕ್ಕದಲ್ಲಿಟ್ಟು ನೋಡಿದ್ದು ಐದು ನಿಮಿಷ. ಅಷ್ಟರಲ್ಲಿ ಕಲಿತದ್ದು ಮುಂದೆ ಅಂಗಡಿಗಳಲ್ಲಿ ಎಷ್ಟೋ ಸಲ ಉಪಯೋಗಕ್ಕೆ ಬಂದಿದೆ.

ಮೇಲಂಚಿನ ಕರಿಮೋಡದ ಕಥೆಯೇ ಬೇರೆ. ಅದನ್ನು ಹಲಗೆಯಲ್ಲಿ ಕೆತ್ತಿರುವುದಿಲ್ಲ. ಸಪಾಟಾದ ಹಲಗೆಯ ಮೇಲೆ ನೀರು ಸವರಿ, ಅದರ ಮೇಲೆ ಮಸಿ ಬಿಟ್ಟು, ಕುಂಚದಿಂದ ಹರಡಿ, ಮೋಡದ ಅಂಚು ತಾನಾಗಿ ಚದುರುವಂತೆ ಮಾಡಿ, ಅದು ಆರುವ ಮೊದಲೇ ಕಾಗದ ಹಾಸಿ ಒತ್ತಬೇಕು. ಬಣ್ಣ ಗಾಢದಿಂದ ತಿಳಿಯಾಗಿ ಕರಗುವ ಈ ಕೆಲಸವನ್ನು ‘ಬೊಕಾಶಿ’ ಎನ್ನುತ್ತಾರೆ. ಅದರಲ್ಲೂ ಹೀಗೆ ಆಸರೆಗೆ ಗೆರೆಯೇ ಇಲ್ಲದೆ ಮಾಡುವುದು ಅಚ್ಚೊತ್ತುವವನ ಕೈಯಳತೆಗೆ ಬಿಟ್ಟ ವಿಷಯ. ಆದ್ದರಿಂದ ಎರಡು ಪ್ರತಿಗಳ ಮೋಡ ಒಂದೇ ಥರ ಇರಲು ಸಾಧ್ಯವಿಲ್ಲ. ಇಂಥ ಪ್ರತಿಗಳನ್ನು ಕೊಳ್ಳುವಾಗ, ಸಾಧ್ಯವಾದರೆ ಎರಡು ಮೂರು ಹಾಳೆಗಳನ್ನು ಪಕ್ಕಪಕ್ಕದಲ್ಲಿ ಇಡಲು ಹೇಳಿ ಮೋಡವನ್ನೇ ಹೋಲಿಸಿ ನೋಡಬೇಕು. ನನ್ನ ಪ್ರತಿಯಲ್ಲಿ ಮೋಡದ ಬಲತುದಿ ತುಸು ಹೆಚ್ಚು ಕೆಳಗಿಳಿದಿದೆ, ಅದೇ ನನಗೆ ಇಷ್ಟ.

ಅಚ್ಚೊತ್ತುವುದನ್ನು ನಾನು ಪ್ರಾತ್ಯಕ್ಷಿಕೆಯಲ್ಲಿ ಕಣ್ಣಾರೆ ನೋಡಿದ್ದೇನೆ. ಹಲಗೆಯ ಮೇಲೆ ಬಣ್ಣದ ಜೊತೆಗೆ ಗಂಜಿಯಂಥ ಅಕ್ಕಿಯಂಟನ್ನು ಒಂದಿಷ್ಟು ಹಾಕಿ ಕುಂಚದಿಂದ ಒಂದಾಗಿಸುತ್ತಾರೆ. ತೇವ ಮಾಡಿಟ್ಟ ಕಾಗದವನ್ನು ಹಲಗೆಯ ಅಂಚಿನಲ್ಲಿ ಕೊರೆದ ಎರಡು ಗುರುತುಗಳಿಗೆ ತಾಗಿಸಿ ಇಳಿಬಿಡುತ್ತಾರೆ. ಮೂಲೆಗೊಂದು, ಬದಿಗೊಂದು ಇರುವ ಈ ಗುರುತುಗಳ ಹೆಸರು ‘ಕೆಂತೊ’. ಎಲ್ಲ ಬಣ್ಣಗಳೂ ಒಂದರ ಮೇಲೊಂದು ಸರಿಯಾಗಿ ಕೂರುವುದು ಇವುಗಳ ಬಲದಿಂದಲೇ. ಆಮೇಲೆ ‘ಬಾರೆನ್’ ಎಂಬ ದುಂಡನೆಯ ಗಟ್ಟಿ ಬಿಲ್ಲೆಯಿಂದ ಕಾಗದದ ಬೆನ್ನನ್ನು ಉಜ್ಜುತ್ತಾರೆ. ಬಿದಿರಿನ ಸಿಪ್ಪೆಯ ಹೊದಿಕೆಯಿರುವ ಆ ಬಿಲ್ಲೆ ಕಾಗದದ ಮೇಲೆ ಓಡುವಾಗ ಹೊರಡುವ ಸರಸರ ಸದ್ದು ಇನ್ನೂ ಕಿವಿಯಲ್ಲಿದೆ. ಹೀಗೆ ಉಜ್ಜಿದಾಗ ಬಣ್ಣ ಕಾಗದದ ಮೇಲೆ ಕೂರುವುದಷ್ಟೇ ಅಲ್ಲ, ನಾರಿನೊಳಕ್ಕೆ ಇಳಿಯುತ್ತದೆ. ಹಾಗಾಗಿ ಒಳ್ಳೆಯ ಹಾಳೆಯ ಬೆನ್ನಿನಲ್ಲಿ ಚಿತ್ರ ಮಸುಕಾಗಿ ಕಾಣಬೇಕು, ಉಜ್ಜಿದ ಸುತ್ತುಗಳ ಗುರುತು ಸಿಗಬೇಕು. ನನ್ನ ಹಾಳೆಯನ್ನು ತಿರುಗಿಸಿ ಬೆಳಕಿಗೆ ಹಿಡಿದರೆ ಹೊಳೆಯ ನೀಲಿ ಹಿಂಬದಿಯಿಂದಲೂ ನದಿಯಾಗಿಯೇ ಕಾಣುತ್ತದೆ.

ಕಾಗದದ ಬಗ್ಗೆ ಒಂದೆರಡು ಮಾತು ಹೇಳಲೇಬೇಕು. ಫುಕುಯಿ ಪ್ರಾಂತ್ಯದ ಎಚಿಜೆನ್‌ನಲ್ಲಿ ಕೊಜೊ ಗಿಡದ ತೊಗಟೆಯ ನಾರಿನಿಂದ ಮಾಡುವ ‘ಹೋಶೊ’ ಎಂಬ ದಪ್ಪ ಕಾಗದ ಇದು. ಈ ಕಾಗದ ಮಾಡುವ ಮನೆತನದಲ್ಲಿ ಆ ಹೆಸರು ಹೊತ್ತ ಒಂಬತ್ತನೆಯವರಾದ ಇವಾನೊ ಇಚಿಬೆಯ್ ಅವರನ್ನು ಜಪಾನ್ ಸರ್ಕಾರ 2000ದಲ್ಲಿ ಜೀವಂತ ರಾಷ್ಟ್ರೀಯ ನಿಧಿ ಎಂದು ಗುರುತಿಸಿತು. ಮುಟ್ಟಿದರೆ ಒಗೆದು ಒಣಗಿಸಿದ ಹತ್ತಿಬಟ್ಟೆಯ ಮೆತ್ತನೆ ಅನುಭವ ಕೊಡುವ ಈ ಕಾಗದ ಹತ್ತಾರು ಸಲ ಒದ್ದೆಯಾಗಿ, ಉಜ್ಜಿಸಿಕೊಂಡು, ಮತ್ತೆ ತನ್ನ ಅಳತೆಗೇ ಮರಳುತ್ತದೆ ಎಂಬುದು ನೋಡದೆ ನಂಬಲಾಗದ ಮಾತು.

ಬಣ್ಣದ ವಿಷಯದಲ್ಲಿ ಮಾತ್ರ ನನಗೆ ಒಪ್ಪಿಕೊಳ್ಳಲು ಸಮಯ ಹಿಡಿಯಿತು. ಹರಾಜಂಗಡಿಯ ಚಿತ್ರಗಳಲ್ಲಿ, ವಸ್ತುಸಂಗ್ರಹಾಲಯಗಳ ಮಂದ ಬೆಳಕಿನಲ್ಲಿ ಹಿರೊಶಿಗೆಯನ್ನು ನೋಡಿ ರೂಢಿಯಾದ ಕಣ್ಣಿಗೆ ಇಲ್ಲಿನ ಸೇತುವೆಯ ಹಳದಿ ಜೋರಾಯಿತು ಅನಿಸುತ್ತದೆ, ಬರ್ಲಿನ್ ಹೆಸರಿನಿಂದ ‘ಬೆರೊ’ ಎಂದು ಕರೆಸಿಕೊಂಡ ನೀಲಿ ತೀರ ಎದ್ದು ಕಾಣುತ್ತದೆ. ಆದರೆ 1857ರ ಗಿರಾಕಿ ಕೊಂಡದ್ದು ಮಾಸಿದ ಹಾಳೆಯನ್ನಲ್ಲ, ಬಣ್ಣ ಆಗಷ್ಟೇ ಆರಿದ ಹೊಸ ಹಾಳೆಯನ್ನು. ನಾವು ಗಾಂಭೀರ್ಯವೆಂದು ಮೆಚ್ಚುವ ಆ ಕಂದು ಛಾಯೆ ಬಹುಮಟ್ಟಿಗೆ ಬೆಳಕು ಮತ್ತು ಕಾಲದ ಕೆಲಸ, ಹಿರೊಶಿಗೆಯದಲ್ಲ. ಇದು ಅರ್ಥವಾದ ಮೇಲೆ, 1887ರಲ್ಲಿ ವ್ಯಾನ್ ಗೋ ಇದೇ ಚಿತ್ರವನ್ನು ಎಣ್ಣೆಬಣ್ಣದಲ್ಲಿ ಮತ್ತೆ ಬರೆದಾಗ ಹಳದಿಯನ್ನೂ ನೀಲಿಯನ್ನೂ ಅಷ್ಟು ಗಾಢವಾಗಿ ಏಕೆ ಬಳಸಿದ ಎಂಬುದೂ ನನಗೆ ವಿಚಿತ್ರವಾಗಿ ಕಾಣಲಿಲ್ಲ. ಆದರೂ ಕಾಲ ಕಳೆದ ಹಾಳೆಯ ಶಾಂತಿಯೇ ಬೇಕು ಎನ್ನುವವರಿಗೆ ಈ ಪ್ರತಿ ಹಿಡಿಸಲಾರದು. ಅವರು ಕೊಳ್ಳುವ ಮೊದಲು ಎದುರಿಗೆ ನೋಡುವುದು ಒಳ್ಳೆಯದು.

ಬೆಲೆ ಚೌಕಟ್ಟಿಲ್ಲದ ಹಾಳೆಗೆ ಹತ್ತು ಸಾವಿರ ಯೆನ್‌ಗಿಂತ ಮೇಲೆ, ಇಪ್ಪತ್ತು ಸಾವಿರದೊಳಗೆ ಇತ್ತು. ನಮ್ಮ ಲೆಕ್ಕದಲ್ಲಿ ಹತ್ತು ಸಾವಿರ ರೂಪಾಯಿಯ ಆಸುಪಾಸು. ಇದೇ ಚಿತ್ರದ ಒಳ್ಳೆಯ ಹಳೆಯ ಮುದ್ರಣಕ್ಕೆ ಹಲವು ಲಕ್ಷ ರೂಪಾಯಿ ಬೇಕು. ಇಟ್ಟುಕೊಂಡರೆ ನಾಳೆ ಬೆಲೆ ಏರುತ್ತದೆ ಎಂಬ ಆಸೆಯಿಂದ ಈ ಹೊಸ ಹಾಳೆಯನ್ನು ಕೊಳ್ಳಬಾರದು. ಹಲಗೆ ಸವೆದರೆ ಮತ್ತೆ ಕೆತ್ತುತ್ತಾರೆ, ಹಾಳೆ ಮತ್ತೆ ಬರುತ್ತದೆ. ಇನ್ನೊಂದು ಎಚ್ಚರಿಕೆಯೂ ಬೇಕು. ಪ್ರಾಮಾಣಿಕವಾಗಿ ಮರುಮುದ್ರಿಸುವವರು ಚಿತ್ರದ ಹೊರಗಿನ ಬಿಳಿಯಂಚಿನಲ್ಲಿ ತಮ್ಮ ಮುದ್ರೆ ಹಾಕುವುದುಂಟು. ಆ ಅಂಚನ್ನು ಕತ್ತರಿಸಿಬಿಟ್ಟರೆ ಅದೇ ಹಾಳೆ ಯಾರದೋ ಕೈಯಲ್ಲಿ ‘ಎದೊ ಕಾಲದ್ದು’ ಆಗಿಬಿಡುತ್ತದೆ. ಅಂಚೇ ಇಲ್ಲದ ಹಿರೊಶಿಗೆ ಹಾಳೆ ಕಡಿಮೆ ಬೆಲೆಗೆ ಸಿಕ್ಕಾಗ ಅಂಚು ಎಲ್ಲಿ ಹೋಯಿತು ಎಂದು ಕೇಳಲೇಬೇಕು. ಹಳೆಯ ಹಾಳೆಗಳನ್ನೂ ಹಿಂದಿನವರು ಕತ್ತರಿಸಿದ್ದುಂಟು, ಆದ್ದರಿಂದ ಅಂಚಿಲ್ಲದ ಮಾತ್ರಕ್ಕೆ ಸುಳ್ಳೆಂದೂ ಹೇಳಲಾಗದು. ಆಗ ಮತ್ತೆ ಲೆನ್ಸು, ಮತ್ತೆ ಹಾಳೆಯ ಬೆನ್ನು.

ಚೌಕಟ್ಟು ಹಾಕಿಸುವುದಾದರೆ ಆಮ್ಲರಹಿತ ರಟ್ಟು ಇರಲಿ, ಗಾಜು ಹಾಳೆಗೆ ತಾಗದಿರಲಿ, ಹಾಳೆಯನ್ನು ಟೇಪಿನಿಂದ ಅಂಟಿಸಲು ಯಾರಿಗೂ ಬಿಡಬೇಡಿ. ಜಪಾನಿ ಕಾಗದದ ಸಣ್ಣ ಪಟ್ಟಿ ಮತ್ತು ಗೋಧಿಹಿಟ್ಟಿನ ಅಂಟು ಸಾಕು, ಬೇಕೆಂದಾಗ ನೀರಿನಿಂದ ಬಿಡಿಸಬಹುದು. ಬಿಸಿಲು ಬೀಳುವ ಗೋಡೆ ಬೇಡ. ಊರಿಗೆ ಒಯ್ಯುವವರು, ಅದರಲ್ಲೂ ಕರಾವಳಿ ಮತ್ತು ಮಲೆನಾಡಿನವರು, ಜೂನ್‌ನಿಂದ ಮೂರು ನಾಲ್ಕು ತಿಂಗಳು ಚೌಕಟ್ಟನ್ನು ಹೊರಗೋಡೆಯಿಂದ ಇಳಿಸಿ ಒಣಗಿದ ಕಪಾಟಿನಲ್ಲಿ ಇಡುವುದು ಮೇಲು. ಬೂಸ್ಟು ಒಮ್ಮೆ ಕೊಜೊ ನಾರಿಗೆ ಹತ್ತಿದರೆ ಕಂದು ಚುಕ್ಕೆಗಳು ಹೋಗುವುದಿಲ್ಲ. ನಾನು ನನ್ನ ಹಾಳೆಗೆ ಚೌಕಟ್ಟು ಹಾಕಿಸಿಲ್ಲ. ರಟ್ಟಿನ ಮಡಿಕೆಯಲ್ಲಿಟ್ಟು, ಬೇಕಾದಾಗ ತೊಳೆದು ಒರೆಸಿದ ಕೈಯಿಂದ ತೆಗೆದು ಮೇಜಿನ ಮೇಲಿಟ್ಟು ನೋಡುತ್ತೇನೆ. ಎದೊದ ಜನರೂ ಇವನ್ನು ಕೈಯಲ್ಲಿ ಹಿಡಿದೇ ನೋಡುತ್ತಿದ್ದರು. ಕಿಟಕಿಯಿಂದ ಓರೆಯಾಗಿ ಬರುವ ಬೆಳಕಿನಲ್ಲಿ ಕಾಗದದ ಉಬ್ಬುತಗ್ಗು ಕಾಣುವುದು ಗಾಜಿನ ಹಿಂದೆ ಸಾಧ್ಯವಿಲ್ಲ.

ಮುಂದಿನ ಸಲ ನೋಡಬೇಕೆಂದಿರುವುದು ಹಿರೊಶಿಗೆಯ ಇನ್ನೊಂದು ಮಳೆ, ತೋಕಾಯ್ದೊ ಹೆದ್ದಾರಿಯ ಐವತ್ತಮೂರು ತಂಗುದಾಣಗಳ ಸರಣಿಯ ‘ಶೋನೋ’. ಬಿದಿರುಮೆಳೆ ಬೂದುಬಣ್ಣದ ಪದರಗಳಲ್ಲಿ ಹಿಂದಕ್ಕೆ ಸರಿಯುವ ಆ ಚಿತ್ರದ ಮೊದಲ ಮುದ್ರಣಗಳಲ್ಲಿ ಕೊಡೆಯ ಮೇಲೆ ಸರಣಿಯ ಹೆಸರನ್ನೂ ಪ್ರಕಾಶಕನ ಹೆಸರನ್ನೂ ಸೂಚಿಸುವ ಅಕ್ಷರಗಳಿವೆ, ಆಮೇಲಿನವುಗಳಲ್ಲಿ ಇಲ್ಲ. ಹೊಸ ಪ್ರತಿಯನ್ನು ಕೈಗೆತ್ತಿಕೊಂಡಾಗ ನಾನು ಮೊದಲು ನೋಡುವುದು ಆ ಕೊಡೆಯನ್ನೇ.