ಬಾಕಿ ಇದ್ದಾಗಲೇ ಫೋನ್ ಎತ್ತಿ, ನಾನು ಎತ್ತಲಿಲ್ಲ

ಪೀಣ್ಯದಲ್ಲಿ ನನ್ನದೊಂದು ಸಣ್ಣ ಮಷಿನ್ ಶಾಪ್ ಇದೆ. ಟ್ರ್ಯಾಕ್ಟರ್‌ಗೆ ಹಾಕುವ ಪಿನ್ ಮಾಡುತ್ತೇವೆ. ಆರ್ಡರ್ ಏರುಪೇರಾದಾಗಲೆಲ್ಲ ನಮ್ಮಂಥವರು ಮೊದಲು ಕೈ ಹಾಕುವುದು ನಮ್ಮ ಮಾಲಿಗೆ ಕೂಲಿ ಲೆಕ್ಕದಲ್ಲಿ ಕೆಲಸ ಮಾಡಿಕೊಡುವ ಜಾಬ್ ವರ್ಕ್‌ನವರ ಬಿಲ್‌ಗೆ. ನಾನೂ ಅದನ್ನೇ ಮಾಡಿ ಕೆಟ್ಟೆ. ನೀವು ಮಾಡಬೇಡಿ ಅಂತ ಬರೆಯುತ್ತಿದ್ದೇನೆ.

2020ರ ಮಾರ್ಚ್ 25ಕ್ಕೆ ಲಾಕ್‌ಡೌನ್ ಶುರುವಾಯಿತು. ನಮ್ಮ ದೊಡ್ಡ ಗಿರಾಕಿ ಪೇಮೆಂಟ್ ನಿಲ್ಲಿಸಿದರು. ನಾನೂ ನಿಲ್ಲಿಸಿದೆ. ಅಕೌಂಟಿನಲ್ಲಿ ದುಡ್ಡೇ ಇರಲಿಲ್ಲ ಅಂತಲ್ಲ. ಮುಂದೇನಾಗುತ್ತೋ ಅನ್ನುವ ಭಯಕ್ಕೆ ಹಿಡಿದಿಟ್ಟುಕೊಂಡೆ.

ಪಿನ್‌ಗಳನ್ನು ಫರ್ನೇಸ್‌ನಲ್ಲಿ ಕಾಯಿಸಿ ಗಡಸು ಮಾಡುವ ಹೀಟ್ ಟ್ರೀಟ್‌ಮೆಂಟ್ ಮಾಡಿಕೊಡುತ್ತಿದ್ದವರಿಗೆ 2 ಲಕ್ಷ 80 ಸಾವಿರ ಕೊಡಬೇಕಿತ್ತು. ಹನ್ನೊಂದು ವರ್ಷದ ಒಡನಾಟ. ನನಗಿಂತ ದೊಡ್ಡವರು, ನಾನು ಅಣ್ಣ ಅನ್ನುತ್ತಿದ್ದೆ, ಅವರು ನನ್ನನ್ನು ಸಾರ್ ಅಂತಲೇ ಕರೆಯುತ್ತಿದ್ದರು. ಏಪ್ರಿಲ್‌ನಲ್ಲಿ ಎರಡು ಸಲ ಫೋನ್ ಮಾಡಿದರು. "ನೋಡೋಣ ಅಣ್ಣ" ಅಂದೆ. ಮೇ ತಿಂಗಳಲ್ಲಿ ಎತ್ತಲೇ ಇಲ್ಲ. ಏನು ಹೇಳಬೇಕೋ ತಿಳಿಯದೆ ಫೋನನ್ನು ಮೇಜಿನ ಮೇಲೆ ಬೋರಲು ಹಾಕಿ ಕೂರುತ್ತಿದ್ದೆ.

ಅವರ ಬಿಲ್‌ನಲ್ಲಿ ಇರುತ್ತಿದ್ದದ್ದು ಕೆಜಿ ಲೆಕ್ಕದ ಹಾರ್ಡನಿಂಗ್ ಮಾತ್ರ. ಬಿಲ್‌ನಲ್ಲಿ ಇಲ್ಲದ ಒಂದು ಕೆಲಸವನ್ನೂ ಮಾಡುತ್ತಿದ್ದರು. ಪ್ರತಿ ಲಾಟ್‌ನಿಂದ ಕೆಲವು ಪಿನ್ ಆರಿಸಿ ಗ್ರೈಂಡಿಂಗ್ ವೀಲ್‌ಗೆ ತಾಗಿಸಿ ಕಿಡಿ ನೋಡುತ್ತಿದ್ದರು. ಕಿಡಿ ಜಾಸ್ತಿ ಕವಲೊಡೆದು ಸಿಡಿದರೆ ಕಾರ್ಬನ್ ಜಾಸ್ತಿ ಅಂತ ಅರ್ಥ. "ಸಾರ್, ಇದರಲ್ಲಿ ಬೇರೆ ಮಾಲು ಸೇರಿದೆ, ಫರ್ನೇಸ್‌ಗೆ ಹಾಕಲ್ಲ" ಅಂತ ಎರಡು ಸಲ ಲಾಟ್ ವಾಪಸ್ ಕಳಿಸಿದ್ದರು.

ಮಳೆಗಾಲ ಮುಗಿಯುವ ಹೊತ್ತಿಗೆ ಟ್ರ್ಯಾಕ್ಟರ್ ಮಾರಾಟ ಚೇತರಿಸಿಕೊಂಡಿತು, ಆರ್ಡರ್ ಒಟ್ಟೊಟ್ಟಿಗೆ ಬಂದವು. ಅವರಿಗೆ ಫೋನ್ ಮಾಡಿದೆ. ಮೊದಲ ರಿಂಗಿಗೇ ಎತ್ತಿದರು. ಬೇರೆಯವರ ಕೆಲಸ ಒಪ್ಪಿಕೊಂಡಿದ್ದೇನೆ, ಜಾಗ ಇಲ್ಲ ಅಂದರು.

ಹೊಸಬರೊಬ್ಬರು ಕೆಜಿಗೆ ಎರಡು ರೂಪಾಯಿ ಕಮ್ಮಿಗೆ ಸಿಕ್ಕರು. ಆಗ ಸ್ಟೀಲ್ ಬೆಲೆ ಏರುತ್ತಿತ್ತು, ಸಿಕ್ಕಲ್ಲಿ ರಾಡ್ ತರುತ್ತಿದ್ದೆವು. ನಮಗೆ ಬೇಕಿದ್ದ ಕಮ್ಮಿ ಕಾರ್ಬನ್‌ನ ಇಎನ್ 353 ಸ್ಟೀಲ್ ಜೊತೆ ಜಾಸ್ತಿ ಕಾರ್ಬನ್‌ನ ಇಎನ್ 8 ಬೆರೆತು ಹೋಯಿತು. ರಾಡ್ ಮೇಲಿನ ಬಣ್ಣದ ಗುರುತು ನೋಡಬೇಕಾದವರು ನಾವು, ನೋಡಲಿಲ್ಲ. ಕಿಡಿ ನೋಡುವವರೂ ಇರಲಿಲ್ಲ. ಮೇಲ್ಮೈ ಮಾತ್ರ ಗಡಸಾಗಬೇಕಿದ್ದ ಪಿನ್‌ಗಳು ಒಳಗೂ ಗಡಸಾಗಿ ಸೀಳು ಬಿಟ್ಟವು. ಸಾವಿರದ ನಾನೂರು ಪಿನ್ ವಾಪಸ್ ಬಂದವು. ನಷ್ಟ ಆ 2 ಲಕ್ಷ 80 ಸಾವಿರಕ್ಕಿಂತ ಎಷ್ಟೋ ಜಾಸ್ತಿ.

ಕಾನೂನೂ ನನ್ನ ಪರ ಇರಲಿಲ್ಲ. ಸಣ್ಣ ಉದ್ದಿಮೆಗಳ 2006ರ ಕಾಯ್ದೆ ಪ್ರಕಾರ ಅವರಿಗೆ ಹೆಚ್ಚೆಂದರೆ 45 ದಿನದಲ್ಲಿ ಹಣ ಕೊಡಬೇಕು. ತಡವಾದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ರೇಟ್‌ನ ಮೂರು ಪಟ್ಟು ಬಡ್ಡಿ, ಅದೂ ತಿಂಗಳ ಚಕ್ರಬಡ್ಡಿ. ಬಾಕಿ ಬಗ್ಗೆ ಸರ್ಕಾರದ ಸಮಾಧಾನ್ ಪೋರ್ಟಲ್‌ನಲ್ಲಿ ದೂರು ಕೊಡಬಹುದಿತ್ತು, ಅವರು ಕೊಡಲಿಲ್ಲ. 2024ರ ಏಪ್ರಿಲ್‌ನಿಂದ ಆದಾಯ ತೆರಿಗೆಯಲ್ಲೂ ಬಿಗಿ ಆಗಿದೆ. ಗಡುವಿನೊಳಗೆ ಕೊಡದಿದ್ದರೆ, ಕೊಟ್ಟ ವರ್ಷದಲ್ಲಷ್ಟೇ ಅದು ಖರ್ಚಿನ ಲೆಕ್ಕಕ್ಕೆ ಸೇರುತ್ತದೆ. ನಿಮ್ಮ ಆಡಿಟರ್ ಹತ್ತಿರ ಕೇಳಿ ನೋಡಿ.

ಈಗ ಪ್ರತಿ ಶನಿವಾರ ಬಾಕಿ ಪಟ್ಟಿ ಹಿಡಿದು ನಾನೇ ಫೋನ್ ಮಾಡುತ್ತೇನೆ. ಪೂರ್ತಿ ಆಗದಿದ್ದರೆ ಎಷ್ಟು, ಯಾವ ತಾರೀಖಿಗೆ ಅಂತ ಹೇಳುತ್ತೇನೆ. ಅಕೌಂಟ್ಸ್ ಹುಡುಗನ ಕೈಲಿ ಹೇಳಿಸುವುದಿಲ್ಲ.

ಆ ಡಿಸೆಂಬರ್‌ನಲ್ಲಿ ಪೂರ್ತಿ ಚೆಕ್ ಹಿಡಿದು ಅವರ ಶೆಡ್‌ಗೆ ಹೋಗಿದ್ದೆ. ಕೂರಿಸಿ ಕಾಫಿ ತರಿಸಿದರು.

"ದುಡ್ಡು ಬರುತ್ತೆ ಅಂತ ಗೊತ್ತಿತ್ತು ಸಾರ್. ಯಾವಾಗ ಅಂತ ಒಂದು ಮಾತು ಹೇಳಿದ್ದಿದ್ರೆ ನಮ್ಮ ಹುಡುಗರಿಗೂ ಅದನ್ನೇ ಹೇಳಿರ್ತಿದ್ದೆ. ಇಬ್ಬರು ಕೆಲಸ ಬಿಟ್ಟು ಊರಿಗೆ ಹೋದ್ರು."

ಚೆಕ್ ತೆಗೆದುಕೊಂಡರು. ನಮ್ಮ ಕೆಲಸ ತೆಗೆದುಕೊಳ್ಳಲಿಲ್ಲ.