ಮಲೆನಾಡಿನ ಮಳೆಗೆ ಹಳೆಯ ಝೆನ್: ಲೇಪ, ಸಸ್ಪೆನ್ಷನ್ ಮತ್ತು ಟೈರುಗಳ ಹೋಲಿಕೆ

1993ರಲ್ಲಿ ಮಾರುಕಟ್ಟೆಗೆ ಬಂದ ಮಾರುತಿ ಝೆನ್ ಹೆಸರಿಗೆ ಸ್ಪೋರ್ಟ್ಸ್ ಕಾರಲ್ಲದಿದ್ದರೂ, 993 ಸಿಸಿಯ ಅಲ್ಯೂಮಿನಿಯಂ ಎಂಜಿನ್, 50 ಅಶ್ವಶಕ್ತಿ, ಐದು ಗೇರು ಮತ್ತು ಹಗುರವಾದ ಮೈಯಿಂದಾಗಿ ತಿರುವುಗಳಲ್ಲಿ ಅದು ತೋರುವ ಚುರುಕುತನ ಓಡಿಸಿದವರಿಗೆಲ್ಲ ಗೊತ್ತು. ಅಂಥ ಒಂದು ಕಾರ್ಬ್ಯುರೇಟರ್ (ಪೆಟ್ರೋಲನ್ನು ಗಾಳಿಯೊಂದಿಗೆ ಬೆರೆಸಿ ಎಂಜಿನ್‌ಗೆ ಕೊಡುವ ಭಾಗ) ಇರುವ ಝೆನ್ ಅನ್ನು ಶಿವಮೊಗ್ಗದ ಆಟೋ ಕಾಂಪ್ಲೆಕ್ಸ್‌ನಲ್ಲಿ ಪೂರ್ತಿ ಬಿಚ್ಚಿ ಕಟ್ಟಿಸುವಾಗ, ಮುಖ್ಯ ಕೆಲಸಗಳಿಗೆ ಇದ್ದ ಪರ್ಯಾಯಗಳನ್ನು ಹಾಕಿಸಿಯೇ ನೋಡಿದೆ. ಮಲೆನಾಡಿನಲ್ಲಿ ಹಳೆಯ ಕಾರಿನ ಆಯಸ್ಸನ್ನು ನಿರ್ಧರಿಸುವುದು ತಳದ ತಗಡು. ಆದ್ದರಿಂದ ತುಕ್ಕಿನ ವಿಷಯವನ್ನೇ ಮೊದಲು ಹೇಳುತ್ತೇನೆ.

ತಳವನ್ನು ತಂತಿ ಬ್ರಷ್‌ನಿಂದ ಉಜ್ಜಿ, ತುಕ್ಕಿಗೆ ಫಾಸ್ಫಾರಿಕ್ ಆಮ್ಲದ ದ್ರಾವಣ ಬಳಿದು, ಎಪಾಕ್ಸಿ ಪ್ರೈಮರ್ ಹೊಡೆಸುವವರೆಗೆ ಎರಡೂ ಬದಿಗೆ ಒಂದೇ ಕ್ರಮ. ಆಮೇಲೆ ಎಡ ಅರ್ಧಕ್ಕೆ ಎಲ್ಲರೂ ಮಾಡಿಸುವ ಕಪ್ಪು ಡಾಂಬರಿನ ಲೇಪವನ್ನೂ, ಬಲ ಅರ್ಧಕ್ಕೆ ಒಣಗದೆ ಜಿಗುಟಾಗಿಯೇ ಉಳಿಯುವ ಮೇಣದ ಲೇಪವನ್ನೂ ಹಾಕಿಸಿದೆ. ಮಳೆಗಾಲ ಮುಗಿದ ಮೇಲೆ ಲಿಫ್ಟ್‌ಗೆ ಏರಿಸಿ ನೋಡಿದಾಗ, ಡಾಂಬರಿನ ಬದಿ ದೂರದಿಂದ ಹೊಸದರಂತೆಯೇ ಇತ್ತು. ಆದರೆ ಜಾಕಿ ಕೊಡುವ ಜಾಗದ ಹತ್ತಿರ ಕೂದಲೆಳೆಯಷ್ಟು ಬಿರುಕು ಬಿಟ್ಟಿದ್ದ ಕಡೆ ಸ್ಕ್ರೂಡ್ರೈವರ್ ತುದಿ ತಾಗಿಸಿದರೆ ಲೇಪ ಹಪ್ಪಳದ ಹಾಗೆ ಎದ್ದು ಬಂತು. ಒಳಗೆ ನೀರು ನಿಂತು ತಗಡು ಕಂದು ಬಣ್ಣಕ್ಕೆ ತಿರುಗಿತ್ತು. ಬಾಗಿಲ ಕೆಳಗಿನ ನೀರು ಹೋಗುವ ಸಣ್ಣ ತೂತುಗಳಲ್ಲಿಯೂ ಎರಡು ಡಾಂಬರಿನಿಂದ ಮುಚ್ಚಿಹೋಗಿದ್ದವು. ಮೇಣದ ಬದಿ ಕೆಸರು ಮೆತ್ತಿಕೊಂಡು ನೋಡಲು ಗಲೀಜಾಗಿತ್ತು, ಚಕ್ರದ ಮೇಲಿನ ಕಮಾನಿನಲ್ಲಂತೂ ಕಲ್ಲು ಸಿಡಿದು ಪೂರ್ತಿ ಸವೆದಿತ್ತು. ಆದರೂ ಬೆಸುಗೆಯ ಸಂದುಗಳಿಗೆಲ್ಲ ಅದು ತಾನಾಗಿಯೇ ಇಳಿದಿದ್ದರಿಂದ ಅಲ್ಲಿ ತುಕ್ಕು ಕಾಣಲಿಲ್ಲ. ಹಾಗಾಗಿ ಈಗ ಕಮಾನಿಗೆ ಮಾತ್ರ ಗಟ್ಟಿ ಲೇಪ, ಉಳಿದ ತಳಕ್ಕೂ ಬಾಗಿಲ ಕೆಳಗಿನ ಪೊಳ್ಳು ಪಟ್ಟಿಗಳ ಒಳಗೂ ಮೇಣ. ಮೇಣವನ್ನು ಪ್ರತಿವರ್ಷ ಮುಂಗಾರಿಗೆ ಮೊದಲು ಮತ್ತೆ ಹೊಡೆಸಬೇಕಾಗುತ್ತದೆ. ಮಲ್ಪೆಯ ಕಡೆಗೆ, ಉಪ್ಪುಗಾಳಿಗೆ, ಆಗಾಗ ಇಳಿಯುವವರು ಇದರಲ್ಲಿ ಉದಾಸೀನ ಮಾಡಲೇಬಾರದು. ವೈಪರ್ ಬುಡದಲ್ಲಿ ಕೊಳೆಯುವ ಎಲೆಗಳನ್ನು ತೆಗೆಯುವುದಕ್ಕೆ ಖರ್ಚೇನೂ ಇಲ್ಲ, ಅದೂ ಆಗಬೇಕು.

ಸಸ್ಪೆನ್ಷನ್‌ನಲ್ಲಿ ಕಾರನ್ನು ತಗ್ಗಿಸುವ ಗಿಡ್ಡ ಸ್ಪ್ರಿಂಗ್ ಒಂದು ಆಯ್ಕೆ, ಮೂಲ ಸ್ಪ್ರಿಂಗ್ ಉಳಿಸಿಕೊಂಡು ಹೊಸ ಗ್ಯಾಸ್ ಶಾಕ್ ಅಬ್ಸಾರ್ಬರ್ ಹಾಕಿಸುವುದು ಇನ್ನೊಂದು. ಶಿವಮೊಗ್ಗದಿಂದ ತೀರ್ಥಹಳ್ಳಿಯವರೆಗಿನ ಹೆದ್ದಾರಿಯಲ್ಲಿ ಗಿಡ್ಡ ಸ್ಪ್ರಿಂಗ್ ನಿಜಕ್ಕೂ ಸೊಗಸು: ಮೈ ವಾಲುವುದಿಲ್ಲ, ಸ್ಟೀರಿಂಗ್ ತಿರುಗಿಸಿದ ಕ್ಷಣವೇ ಮೂತಿ ತಿರುಗುತ್ತದೆ. ಆಗುಂಬೆ ಘಾಟಿಯ 14 ತಿರುವುಗಳಲ್ಲಿ ಮಾತ್ರ ಅದೇ ಸ್ಪ್ರಿಂಗ್ ಕೈಕೊಡುತ್ತದೆ. ತಿರುವಿನ ನಡುವೆ ಕಿತ್ತುಹೋದ ಡಾಂಬರಿನ ಅಂಚು ಸಿಕ್ಕರೆ ಸ್ಪ್ರಿಂಗ್‌ಗೆ ಕುಗ್ಗಲು ಜಾಗವೇ ಉಳಿಯದೆ ರಬ್ಬರ್ ಬಂಪ್‌ಗೆ ಬಡಿದು, ಒದ್ದೆ ರಸ್ತೆಯಲ್ಲಿ ಮುಂದಿನ ಚಕ್ರ ಒಂದಿಷ್ಟು ಆಚೆಗೆ ಜಾರುತ್ತದೆ. ಮೂಲ ಸ್ಪ್ರಿಂಗ್ ಮತ್ತು ಗ್ಯಾಸ್ ಶಾಕ್‌ನಲ್ಲಿ ಕಾರು ಸ್ವಲ್ಪ ವಾಲಿದರೂ ಚಕ್ರ ನೆಲ ಬಿಡುವುದಿಲ್ಲ, ಮಳೆಯಲ್ಲಿ ಘಾಟಿ ಇಳಿಯುವವನಿಗೆ ಧೈರ್ಯ ಬರುವುದು ಅದರಿಂದಲೇ. ನನ್ನ ಕಾರಿನಲ್ಲಿ ಉಳಿದಿರುವುದು ಇದೇ ಜೋಡಿ.

ಟೈರಿನ ವಿಷಯದಲ್ಲಿ ಹೆಚ್ಚು ಹೇಳಬೇಕಾದ್ದಿಲ್ಲ. ಮೂಲದ 145/70 ಆರ್13ಕ್ಕೆ (ಕ್ರಮವಾಗಿ ಮಿಲಿಮೀಟರಿನಲ್ಲಿ ಅಗಲ, ಅಗಲದ ಶೇಕಡಾವಾರಿನಲ್ಲಿ ಬದಿಯ ಎತ್ತರ, ಇಂಚಿನಲ್ಲಿ ರಿಮ್ಮಿನ ವ್ಯಾಸ) ಬದಲಾಗಿ 155/65 ಹಾಕಿದರೆ ಸುತ್ತಳತೆ ಹೆಚ್ಚುಕಡಿಮೆ ಅಷ್ಟೇ ಉಳಿಯುತ್ತದೆ. 165/65 ಹಾಕಿದರೆ ಸುಮಾರು ಶೇ. 2ರಷ್ಟು ಹೆಚ್ಚುವುದರಿಂದ ಏರಿನಲ್ಲಿ ಎಳೆತ ಕುಗ್ಗುತ್ತದೆ, ಪವರ್ ಸ್ಟೀರಿಂಗ್ ಇಲ್ಲದ ಕಾರಿನಲ್ಲಿ ತೋಳಿಗೂ ಭಾರ. 155 ಸಾಕು.

ಎಂಜಿನ್‌ಗೆ ಬಂದರೆ, ಮಾರುತಿಯದೇ ಇನ್ನೊಂದು ಕಾರಾದ ಎಸ್ಟೀಮ್‌ನ 1298 ಸಿಸಿ ಎಂಜಿನ್ ಕೂರಿಸಿದ ಸ್ನೇಹಿತರ ಝೆನ್ ಅನ್ನು ಓಡಿಸಿದ್ದೇನೆ. ಏರಿನಲ್ಲಿ ಗೇರು ಇಳಿಸುವ ಅಗತ್ಯವೇ ಬೀಳದಷ್ಟು ಅದರ ಎಳೆತ ಚೆನ್ನ. ಆದರೆ ಎಂಜಿನ್ ಬದಲಾವಣೆಗೆ ಮೋಟಾರು ವಾಹನ ಕಾಯ್ದೆಯ 52ನೇ ಕಲಮಿನ ಪ್ರಕಾರ ಆರ್‌ಟಿಒ ಅನುಮತಿ ಬೇಕು, ಆರ್‌ಸಿಯಲ್ಲಿ ಅದು ದಾಖಲಾಗಬೇಕು. 15 ವರ್ಷ ದಾಟಿದ ಕಾರು ನೋಂದಣಿ ನವೀಕರಣಕ್ಕೆ ಹೋದಾಗ ಎಂಜಿನ್ ನಂಬರನ್ನು ತಾಳೆ ನೋಡುತ್ತಾರೆ. ನಾನು 993 ಸಿಸಿಯದನ್ನೇ ಇಟ್ಟುಕೊಂಡು, ರಿಂಗ್, ವಾಲ್ವ್ ಸೀಲ್ ಮತ್ತು ಟೈಮಿಂಗ್ ಬೆಲ್ಟ್ ಹೊಸದಾಗಿ ಹಾಕಿಸಿ, ಕಾರ್ಬ್ಯುರೇಟರ್ ಅನ್ನು ಬಿಚ್ಚಿ ತೊಳೆಸಿದೆ. ಎರಡನೇ ಗೇರಿನಲ್ಲಿ ಎಂಜಿನ್ ಅನ್ನು ಪೂರ್ತಿ ಕೂಗಿಸಿ ಘಾಟಿ ಹತ್ತುವ ಖುಷಿ ಆ ದೊಡ್ಡ ಎಂಜಿನ್‌ನಲ್ಲಿ ನನಗೆ ಸಿಗಲಿಲ್ಲ.